ಹಸು ಅವನ ಕೊಟ್ಟಿಗೆಯಲ್ಲಿ, ಕಂತು ಅವಳ ಹೆಸರಲ್ಲಿ

ಮಂಡ್ಯ ಜಿಲ್ಲೆಯ ಮದ್ದೂರು, ಮಳವಳ್ಳಿ ಕಡೆ ಗಂಡ ಹೆಂಡತಿ ಬೇರೆಯಾಗುವುದು ಮೊದಲು ಕೋರ್ಟಿನಲ್ಲಲ್ಲ, ಜಗಲಿಯಲ್ಲಿ. ಎರಡೂ ಕಡೆಯ ಹಿರಿಯರು ಕೂತು ಬಿಳಿ ಹಾಳೆಯಲ್ಲಿ ಪಟ್ಟಿ ಬರೆಸುತ್ತಾರೆ. ಒಡವೆ ಇಷ್ಟು, ಬೀರು ಒಂದು, ಮಂಚ, ಹಂಡೆ, ಮಿಕ್ಸಿ, ಟಿ.ವಿ., ಫ್ರಿಜ್‌. ಯಾವುದು ತವರಿನಿಂದ ಬಂದದ್ದು, ಯಾವುದು ಆಮೇಲೆ ಕೊಂಡದ್ದು ಎಂದು ಮಧ್ಯಾಹ್ನದವರೆಗೂ ಜಗ್ಗಾಟ. ಕೊನೆಗೆ ಗೂಡ್ಸ್‌ ಆಟೊ ಬಂದು ಸಾಮಾನು ಹೇರಿಕೊಂಡು ಹೋಗುತ್ತದೆ. ಆ ಫ್ರಿಜ್ಜಿಗೆ ಇನ್ನೂ ಎಷ್ಟು ಕಂತು ಬಾಕಿ ಇದೆ ಎಂಬುದು ಪಟ್ಟಿಯಲ್ಲಿರುವುದಿಲ್ಲ. ಪಂಚಾಯ್ತಿಯವರು ಅದನ್ನು ಕೇಳುವುದೂ ಇಲ್ಲ; ಕೇಳಿದರೆ ಕತ್ತಲಾದರೂ ಜಗಲಿ ಬಿಟ್ಟು ಏಳುವಂತಿಲ್ಲ.

ಕೇಳಿದರು, ‘ಕಂತೆಲ್ಲ ನಾನೇ ಕಟ್ಟುತ್ತೇನೆ’ ಎಂದು ಗಂಡ ಒಪ್ಪಿ ರುಜುವನ್ನೂ ಹಾಕಿದ ಎಂದೇ ಇಟ್ಟುಕೊಳ್ಳೋಣ. ಆ ಹಾಳೆ ಅವರಿಬ್ಬರ ನಡುವೆ ಮಾತ್ರ ನಡೆಯುತ್ತದೆ, ಸಾಲ ಕೊಟ್ಟವನ ಮುಂದೆ ನಡೆಯುವುದಿಲ್ಲ. 1872ರ ಭಾರತೀಯ ಕರಾರು ಅಧಿನಿಯಮದ 43ನೇ ಕಲಮಿನ ಪ್ರಕಾರ, ಇಬ್ಬರು ಸೇರಿ ಮಾಡಿದ ಸಾಲವನ್ನು ಪೂರ್ತಿಯಾಗಿ ಒಬ್ಬರಿಂದಲೇ ವಸೂಲು ಮಾಡಬಹುದು. 128ನೇ ಕಲಮು ಜಾಮೀನುದಾರನನ್ನೂ ಸಾಲಗಾರನ ಸಮಕ್ಕೇ ನಿಲ್ಲಿಸುತ್ತದೆ. ಹಳೆಯ ಕರಾರು ಹರಿದು ಹೊಸದು ಮಾಡಬೇಕಾದರೆ ಸಾಲ ಕೊಟ್ಟವನೂ ಒಪ್ಪಬೇಕು. ವಿಚ್ಛೇದನದ ಡಿಕ್ರಿಗೂ ಇದೇ ಮಿತಿ. ಅದು ಮದುವೆಯನ್ನು ಮುಗಿಸುತ್ತದೆ, ಬ್ಯಾಂಕಿನ ಕಾಗದವನ್ನಲ್ಲ. ಇಬ್ಬರ ಪಾಲನ್ನೂ ಒಬ್ಬರೇ ಕಟ್ಟಿದರೆ ಇನ್ನೊಬ್ಬರ ಪಾಲನ್ನು ದಾವೆ ಹೂಡಿ ವಸೂಲು ಮಾಡಬಹುದು, ನಿಜ. ಜಾಮೀನು ನಿಂತವಳು ಕಟ್ಟಿದ್ದರೆ ಪೂರ್ತಿಯನ್ನೂ ಕೇಳಬಹುದು, ಅದಕ್ಕೆ ಮೂರು ವರ್ಷ ಅವಕಾಶವಿದೆ. ಆದರೆ ಕೂಲಿ ಬಿಟ್ಟು ಕೋರ್ಟಿಗೆ ಅಲೆದು ಫ್ರಿಜ್ಜಿನ ಅರ್ಧ ದುಡ್ಡಿಗೆ ದಾವೆ ನಡೆಸುವವರು ಯಾರು?

ಫ್ರಿಜ್ಜಾದರೂ ಚಿಕ್ಕ ಮಾತು. ನಮ್ಮ ಕಡೆ ನಿಜವಾದ ತೊಡಕಿರುವುದು ಸಂಘದ ಸಾಲದಲ್ಲಿ, ಅಂದರೆ ಹೆಂಗಸರ ಗುಂಪಿಗೆ ಕೊಡುವ ಮೈಕ್ರೊಫೈನಾನ್ಸ್‌ ಸಾಲದಲ್ಲಿ.

ಮೈಕ್ರೊಫೈನಾನ್ಸ್‌ ಸಾಲಕ್ಕೆ ರಿಸರ್ವ್ ಬ್ಯಾಂಕ್‌ 2022ರಲ್ಲಿ ಹೊಸ ನಿಯಮ ತಂದಿತು. ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲ ಅದು. ಕುಟುಂಬವೆಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಎಲ್ಲ ಸಾಲದ ಕಂತುಗಳೂ ಸೇರಿ ಆ ಕುಟುಂಬದ ತಿಂಗಳ ಆದಾಯದ ಶೇ 50 ಮೀರಬಾರದು. ಸಾಲ ಕೊಡುವ ದಿನ ಗಂಡನ ದುಡಿಮೆಯೂ ಲೆಕ್ಕಕ್ಕೆ ಬರುತ್ತದೆ, ಅದಕ್ಕೇ ಸಾಲದ ಮೊತ್ತ ದೊಡ್ಡದಾಗುತ್ತದೆ. ರುಜು ಮಾತ್ರ ಹೆಚ್ಚಿನಂಶ ಹೆಂಗಸಿನದು. ಮನೆ ಒಡೆದ ಮರುದಿನ ನಿಯಮ ಹೇಳುವ ‘ಕುಟುಂಬ’ ಇರುವುದೇ ಇಲ್ಲ. ಉಳಿಯುವುದು ಒಂಟಿ ರುಜು, ಇಬ್ಬರ ಆದಾಯ ನೋಡಿ ಕೊಟ್ಟ ಸಾಲ. ಕೊಡುವಾಗ ಮನೆಯನ್ನು ನೋಡುವವರು ವಸೂಲಿಗೆ ಬಂದಾಗ ಹೆಸರನ್ನಷ್ಟೇ ನೋಡುತ್ತಾರೆ. ನನ್ನ ತಕರಾರು ಇರುವುದು ಇಲ್ಲಿ.

ಆ ಸಾಲದಲ್ಲಿ ಕೊಂಡದ್ದು ಹಸು ಎಂದಿಟ್ಟುಕೊಳ್ಳಿ. ಗೆಜ್ಜಲಗೆರೆಯ ಮನ್‌ಮುಲ್‌ಗೆ ಹಾಲು ಹೋಗುವ ಜಿಲ್ಲೆಯಲ್ಲಿ ಇದು ಊರೂರಿನ ಮಾತು. ಹಸು ನಿಂತಿರುವುದು ಗಂಡನ ಕೊಟ್ಟಿಗೆಯಲ್ಲಿ. ಡೇರಿಯ ಸದಸ್ಯತ್ವ ಅವನದಾದರೆ ಹಾಲಿನ ಬಟವಾಡೆಯೂ ಅವನ ಖಾತೆಗೇ. ಅವಳು ಮಗುವನ್ನು ಎತ್ತಿಕೊಂಡು ತವರಿಗೆ ಬಂದರೆ ಹಿಂದೆ ಬರುವುದು ಕಂತು ಒಂದೇ. ಕೊಪ್ಪ, ಕೆ.ಎಂ. ದೊಡ್ಡಿಯ ಕಾರ್ಖಾನೆಗಳಿಂದ ಕಬ್ಬಿನ ಬಿಲ್ಲು ಬರುವುದು ವರ್ಷಕ್ಕೊಮ್ಮೆ, ಅದೂ ಪಹಣಿ ಯಾರ ಹೆಸರಿನಲ್ಲಿದೆಯೋ ಅವರಿಗೆ. ಸಂಘದ ಕಂತಿಗೆ ವಾರ ತಪ್ಪುವಂತಿಲ್ಲ. ಅವಳು ಕಟ್ಟದಿದ್ದರೆ ಗುಂಪಿನ ಉಳಿದ ಹೆಂಗಸರು ಕೈಯಿಂದ ಹಾಕಬೇಕು. ಗಂಡ ಹೆಂಡತಿಯ ಜಗಳಕ್ಕೆ ಹೀಗೆ ಬೀದಿಯ ನಾಲ್ಕು ಮನೆ ಕಪ್ಪ ಕೊಡುತ್ತವೆ. ಬೇರೆಯಾದವಳ ಮೇಲೆ ಮೊದಲು ಹರಿಹಾಯುವವರು ಫೈನಾನ್ಸಿನವರಲ್ಲ, ಅವಳ ಜೊತೆಯವರೇ.

2025ರ ಆರಂಭದಲ್ಲಿ ಮಂಡ್ಯ, ಮೈಸೂರು, ಚಾಮರಾಜನಗರ ಕಡೆಯಿಂದ ವಸೂಲಿ ಕಿರುಕುಳದ ಸುದ್ದಿ ಮೇಲಿಂದ ಮೇಲೆ ಬಂದಾಗ ಸರ್ಕಾರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಹತ್ತು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಬೇಕಿತ್ತು. ಆದರೆ ಅದು ಹೆಚ್ಚಾಗಿ ಹೇಳಿದ್ದು ಹೇಗೆ ವಸೂಲು ಮಾಡಬಾರದು ಎಂದು. ಬೆಳಿಗ್ಗೆ 9ರ ನಂತರ, ಸಂಜೆ 6ರೊಳಗೆ, ಮರ್ಯಾದೆಯಿಂದಲೇ ಬಂದು ಕೇಳಿದರೂ ಸಾಲ ಅವಳದೇ.

ಒಡವೆಯ ವಿಷಯದಲ್ಲಿ ಮಾತ್ರ ಕಾನೂನು ಇದಕ್ಕಿಂತ ನೇರವಾಗಿದೆ. ಹೆಂಡತಿಯ ಸರ, ಬಳೆ ಗಿರವಿ ಇಟ್ಟು ಗಂಡನ ಹೆಸರಿನಲ್ಲಿ ಸಾಲ ತೆಗೆದು ಬೋರ್‌ವೆಲ್‌ ಕೊರೆಸುವುದು ಮಳವಳ್ಳಿಯಲ್ಲಿ ಯಾರಿಗೂ ಹೊಸದಲ್ಲ. ಕೇರಳದ ಇಂಥದೇ ಒಂದು ಪ್ರಕರಣದಲ್ಲಿ, ತವರಿನವರು ಕೊಟ್ಟ 89 ಪವನ್‌ ಚಿನ್ನ ಗಂಡನ ಮನೆಯ ಸಾಲಕ್ಕೆ ಕರಗಿಹೋಗಿತ್ತು. ಸ್ತ್ರೀಧನದ ಮೇಲೆ ಗಂಡನಿಗೆ ಹಕ್ಕಿಲ್ಲ, ಕಷ್ಟಕಾಲದಲ್ಲಿ ಬಳಸಿದರೂ ಹಿಂದಿರುಗಿಸಬೇಕು ಎಂದು 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್‌ ಹೇಳಿ 25 ಲಕ್ಷ ರೂಪಾಯಿ ಕೊಡಿಸಿತು. ಆದ್ದರಿಂದ ಪಟ್ಟಿ ಬರೆಯುವಾಗ ‘ಒಡವೆ ಕೊಟ್ಟಿದೆ’ ಎಂಬ ಸಾಲಿಗೆ ಮುಂಚೆ ಗಿರವಿ ಚೀಟಿ ಯಾರ ಜೇಬಿನಲ್ಲಿದೆ ಎಂದು ನೋಡುವುದು ಒಳ್ಳೆಯದು.

ಇನ್ನು ಅಂಗಡಿಯ ಉದ್ರಿ. ಪತ್ರಿಕೆಯ ಮೂಲೆಯಲ್ಲಿ ‘ನನ್ನ ಹೆಂಡತಿ ಮಾಡುವ ಸಾಲಕ್ಕೆ ನಾನು ಜವಾಬ್ದಾರನಲ್ಲ’ ಎಂಬ ಪ್ರಕಟಣೆ ಓದಿ ನಕ್ಕವರಿದ್ದಾರೆ. ಅದರಲ್ಲಿ ಸ್ವಲ್ಪ ಕಾನೂನೂ ಇದೆ. ಒಟ್ಟಿಗೆ ಬಾಳುವಾಗ ಮನೆಸಾಮಾನು ತರುವ ಹೆಂಡತಿಯನ್ನು ಅಂಗಡಿಯವನು ಗಂಡನ ಪ್ರತಿನಿಧಿ ಎಂದೇ ತಿಳಿಯುತ್ತಾನೆ. ಆ ಅಧಿಕಾರ ಮುಗಿಯಿತೆಂದು ಅವನಿಗೆ ಗೊತ್ತಾಗುವವರೆಗೂ ಗಂಡ ನುಣುಚಿಕೊಳ್ಳುವುದು ಕಷ್ಟ. ಆದರೆ ಆ ಪ್ರಕಟಣೆ ಮುಂದಿನ ಉದ್ರಿಗೆ ಬೇಲಿ, ಹಿಂದಿನದಕ್ಕಲ್ಲ. ಬೈಕಿನ ಕತೆಯೂ ಹಾಗೆಯೇ. ಅವಳ ಹೆಸರಿನಲ್ಲಿ ನೋಂದಣಿಯಾದ ಬೈಕನ್ನು ಅವನು ಓಡಿಸಿಕೊಂಡು ಹೋಗಿ ಯಾರಿಗಾದರೂ ಗುದ್ದಿದರೆ ಪರಿಹಾರದ ನೋಟಿಸು ಬರುವುದು ನೋಂದಾಯಿತ ಮಾಲೀಕಳಿಗೆ.

‘ಬೇರೆಯಾದೆವು ಅಂದ ಕೂಡಲೇ ಒಬ್ಬರನ್ನು ಬಿಟ್ಟುಬಿಟ್ಟರೆ ನಾಳೆ ಕಾಗದದ ಮೇಲೆ ಎಲ್ಲರೂ ಬೇರೆಯಾಗುತ್ತಾರೆ’ ಎಂದು ಸಾಲ ಕೊಟ್ಟವರು ಹೇಳಬಹುದು. ತಳ್ಳಿಹಾಕುವ ಮಾತಲ್ಲ. ಹಾಗಾಗಿ ನಾನು ಕೇಳುತ್ತಿರುವುದು ಮನ್ನಾ ಅಲ್ಲ, ಮರುಲೆಕ್ಕ. ಕೋರ್ಟಿನಲ್ಲಿ ಜೀವನಾಂಶದ ಅಥವಾ ವಿಚ್ಛೇದನದ ಅರ್ಜಿ ದಾಖಲಾದ ಮೇಲೆ ಶೇ 50ರ ಮಿತಿಯನ್ನು ಒಂಟಿ ಆದಾಯಕ್ಕೆ ಮತ್ತೆ ಹಾಕಿ ಕಂತನ್ನು ಇಳಿಸಿ ಅವಧಿ ಹಿಗ್ಗಿಸಬೇಕು. ಆಕೆಯ ಬಾಕಿಗೆ ಗುಂಪಿನವರನ್ನು ಹಿಡಿಯಬಾರದು. ಹಸು ಯಾರ ಬಳಿ ಇದೆಯೋ ಕಂತೂ ಅವರದೇ ಎಂದು ಗಂಡ ಹೆಂಡತಿಯ ನಡುವಿನ ಲೆಕ್ಕ ಕೋರ್ಟಿನಲ್ಲೇ ತೀರಬೇಕು. ಇದಕ್ಕೆ ಹೊಸ ಕಾನೂನನ್ನೇ ಕಾಯಬೇಕಿಲ್ಲ. ದಂಪತಿಯ ಆಸ್ತಿ ವ್ಯಾಜ್ಯ ಕೇಳುವ ಅಧಿಕಾರ ಮಂಡ್ಯದ ಕೌಟುಂಬಿಕ ನ್ಯಾಯಾಲಯಕ್ಕೆ 1984ರ ಕಾಯ್ದೆಯಲ್ಲೇ ಇದೆ. ಜೀವನಾಂಶದ ಅರ್ಜಿಯೊಂದಿಗೆ ಇಬ್ಬರೂ ಆಸ್ತಿಯ ಜೊತೆಗೆ ಸಾಲ, ಕಂತುಗಳ ವಿವರವನ್ನೂ ಪ್ರಮಾಣಪತ್ರದಲ್ಲಿ ಕೊಡಬೇಕೆಂದು ಸುಪ್ರೀಂ ಕೋರ್ಟ್‌ 2020ರ ನವೆಂಬರ್‌ನಲ್ಲಿ ರಜನೀಶ್‌–ನೇಹಾ ಪ್ರಕರಣದಲ್ಲಿ ಹೇಳಿದೆ. ಆ ಕಾಲಂ ಈಗ ಜೀವನಾಂಶದ ಮೊತ್ತಕ್ಕಾಗಿ ಚೌಕಾಸಿ ಮಾಡಲು ಬಳಕೆಯಾಗುತ್ತಿದೆ. ಸಾಲವನ್ನು ಹಂಚಲೂ ಅದನ್ನೇ ಬಳಸಬಹುದು.

ರಾಷ್ಟ್ರೀಯ ಲೋಕ ಅದಾಲತ್‌ ನಡೆಯುವ ಶನಿವಾರ ತಾಲ್ಲೂಕು ಕೋರ್ಟಿನ ಆವರಣಕ್ಕೆ ಹೋಗಿ ನೋಡಿ. ಜೀವನಾಂಶದ ಪ್ರಕರಣಗಳೂ ಬರುತ್ತವೆ, ಬ್ಯಾಂಕ್‌ ವಸೂಲಿಯವೂ ಬರುತ್ತವೆ. ಅದೇ ಹೆಣ್ಣುಮಗಳು ಎರಡು ಕಡತಗಳಲ್ಲೂ ಇರಬಹುದು. ಅವಳ ಆದಾಯ ಎಷ್ಟೇ ಇರಲಿ, 1987ರ ಕಾಯ್ದೆಯಂತೆ ಅವಳಿಗೆ ಉಚಿತ ವಕೀಲರು ಸಿಗುತ್ತಾರೆ. ಅಲ್ಲಿ ಆದ ರಾಜಿಗೆ ಡಿಕ್ರಿಯ ಬಲವಿದೆ. ಆ ಎರಡು ಕಡತಗಳನ್ನು ಒಂದೇ ಮೇಜಿನ ಮೇಲಿಟ್ಟು ಗಂಡ, ಹೆಂಡತಿ, ಫೈನಾನ್ಸಿನ ಮ್ಯಾನೇಜರ್‌ ಮೂವರ ರುಜುವನ್ನೂ ಒಂದೇ ಹಾಳೆಯಲ್ಲಿ ಹಾಕಿಸುವ ಕೆಲಸವನ್ನು ಮದ್ದೂರು, ಮಳವಳ್ಳಿಯ ಕಾನೂನು ಸೇವಾ ಸಮಿತಿಗಳು ಮುಂದಿನ ಅದಾಲತ್ತಿನಲ್ಲೇ ಶುರು ಮಾಡಬಹುದು.