ಕಣ್ಣಿನ ರಕ್ತನಾಳದ ಫೋಟೊ ತೆಗೆದರೆ ಗ್ಲಾಕೋಮಾ ಗುಣವಾಗುತ್ತದೆಯೇ?

"ಕಣ್ಣೊಳಗಿನ ರಕ್ತನಾಳದ ಫೋಟೊ ತೆಗೆದರೆ ಸಾಕು, ಗ್ಲಾಕೋಮಾ ಮೊದಲೇ ಗೊತ್ತಾಗುತ್ತದೆ, ಹೋದ ದೃಷ್ಟಿಯೂ ವಾಪಸ್ ಬರುತ್ತದೆ." ಇಂಥ ಸಂದೇಶ ನಿಮ್ಮ ವಾಟ್ಸಾಪ್‌ಗೆ ಬಂದರೆ ಮುಂದಕ್ಕೆ ಕಳಿಸುವ ಮೊದಲು ಇದನ್ನು ಓದಿ. ಅದರಲ್ಲಿ ಸ್ವಲ್ಪ ನಿಜವಿದೆ, ಉಳಿದದ್ದು ಅಪಾಯಕಾರಿ.

ಓಸಿಟಿ ಆಂಜಿಯೋಗ್ರಫಿ ಎಂಬ ಸ್ಕ್ಯಾನ್ ಇರುವುದು ನಿಜ. ಅದು ಕಣ್ಣಿನ ಹಿಂಭಾಗದ ಒಂದೇ ಜಾಗವನ್ನು ಬೆಳಕಿನ ಸಹಾಯದಿಂದ ಮತ್ತೆ ಮತ್ತೆ ಚಿತ್ರಿಸುತ್ತದೆ. ಸುತ್ತಲಿನ ಭಾಗ ಕದಲದೆ ಇರುತ್ತದೆ, ರಕ್ತಕಣ ಮಾತ್ರ ಓಡುತ್ತಿರುತ್ತದೆ. ಚಿತ್ರದಿಂದ ಚಿತ್ರಕ್ಕೆ ಬದಲಾದದ್ದನ್ನಷ್ಟೇ ಆರಿಸಿಕೊಂಡರೆ ಕೂದಲೆಳೆಗಿಂತ ಸಣ್ಣ ನಾಳಗಳ ನಕ್ಷೆ ಸಿಗುತ್ತದೆ. 1961ರಲ್ಲಿ ಬಂದ ಹಳೆಯ ವಿಧಾನದಲ್ಲಿ ಕೈಗೆ ಬಣ್ಣದ ಔಷಧಿ ಚುಚ್ಚಬೇಕು, ಇದರಲ್ಲಿ ಅದೂ ಬೇಡ.

ಗ್ಲಾಕೋಮಾ ಇರುವವರಲ್ಲಿ ಈ ನಾಳಗಳು ವಿರಳವಾಗಿ ಕಾಣುತ್ತವೆ. ಅಮೆರಿಕದ ಸ್ಯಾನ್ ಡಿಯಾಗೊ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೃಷ್ಟಿ ಎಷ್ಟು ಹೋಗಿದೆ ಎಂಬುದಕ್ಕೆ ನರಪದರದ ದಪ್ಪಕ್ಕಿಂತ ನಾಳಗಳ ದಟ್ಟಣೆಯೇ ಹೆಚ್ಚು ತಾಳೆಯಾಗಿತ್ತು. ಆದರೆ ರಕ್ತ ಸಾಲದೆ ನರ ಸತ್ತಿತೋ, ನರ ಸತ್ತಿದ್ದಕ್ಕೆ ರಕ್ತ ಕಡಿಮೆಯಾಯಿತೋ? ನೀರಿಲ್ಲದೆ ಬೆಳೆ ಒಣಗಿತೋ, ಬೆಳೆ ಒಣಗಿತೆಂದು ನೀರು ಬಿಡುವುದನ್ನು ನಿಲ್ಲಿಸಿದರೋ ಎಂದು ಕೇಳಿದ ಹಾಗೆ. ತಜ್ಞರಲ್ಲಿ ಇನ್ನೂ ಒಮ್ಮತವಿಲ್ಲ. ಸಕ್ಕರೆ ಕಾಯಿಲೆಯಲ್ಲೂ ನಾಳಗಳು ಕಡಿಮೆಯಾಗುತ್ತವೆ, ಪೊರೆ ಇದ್ದರೆ ಚಿತ್ರವೇ ಮಸುಕು. ಹಾಗಾಗಿ ಈ ಒಂದು ಫೋಟೊ ನೋಡಿ ಯಾವ ವೈದ್ಯರೂ ತೀರ್ಮಾನ ಹೇಳುವುದಿಲ್ಲ.

ಇನ್ನು ದೃಷ್ಟಿ ವಾಪಸ್ ಬರುವ ಮಾತು. ಅದು ಸುಳ್ಳು. ಸತ್ತ ನರವನ್ನು ಬದುಕಿಸುವ ಚಿಕಿತ್ಸೆ ಇಂದಿಗೂ ಇಲ್ಲ. ಹನಿ ಔಷಧಿ, ಲೇಸರ್, ಆಪರೇಷನ್ ಮೂರೂ ಮಾಡುವುದು ಕಣ್ಣಿನೊಳಗಿನ ಒತ್ತಡ ಇಳಿಸಿ ಉಳಿದ ದೃಷ್ಟಿಯನ್ನು ಕಾಪಾಡುವ ಕೆಲಸವನ್ನೇ.

ಹರಪನಹಳ್ಳಿ ತಾಲೂಕಿನ ಅರಸೀಕೆರೆಯಂಥ ಊರಿನವರಿಗೆ ಇಂಥ ಸಂದೇಶದಿಂದ ಇನ್ನೊಂದು ತೊಂದರೆಯಿದೆ. ದೊಡ್ಡ ಮಷೀನು ಇರುವ ಆಸ್ಪತ್ರೆ ದೂರ, ಖರ್ಚೂ ಜಾಸ್ತಿ, ಸುಗ್ಗಿ ಮುಗಿಯಲಿ ಎಂದು ತಡಮಾಡುತ್ತಾರೆ. ಇಲ್ಲವೇ ಮಂಜು ಮಂಜಾದರೆ "ಪೊರೆ ಇರಬೇಕು, ಬಲಿಯಲಿ" ಎಂದು ಕಾಯುತ್ತಾರೆ. ಪೊರೆ ತೆಗೆಸಿದರೆ ದೃಷ್ಟಿ ಬರುತ್ತದೆ, ಗ್ಲಾಕೋಮಾದಲ್ಲಿ ಕಾದಷ್ಟೂ ನಷ್ಟ. ಸಾಮಾನ್ಯವಾಗಿ ಇದಕ್ಕೆ ನೋವಿಲ್ಲ, ಮೊದಲು ಹೋಗುವುದು ಪಕ್ಕದ ನೋಟ. ನಡುವಿನ ನೋಟ ಕೊನೆಯವರೆಗೂ ಉಳಿಯುವುದರಿಂದ ಅಕ್ಷರದ ಬೋರ್ಡ್ ಸರಾಗವಾಗಿ ಓದುತ್ತಾರೆ. ಕನ್ನಡಕದ ಪರೀಕ್ಷೆಯೊಂದರಲ್ಲೇ ಇದು ಸಿಕ್ಕಿಬೀಳುವುದಿಲ್ಲ. 2010ರ ಅಂದಾಜಿನಂತೆ ಭಾರತದಲ್ಲಿ 40 ದಾಟಿದ ಸುಮಾರು 1.12 ಕೋಟಿ ಜನರಿಗೆ ಗ್ಲಾಕೋಮಾ ಇದೆ. ಅವರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿಗೆ ಅದು ಗೊತ್ತೇ ಇಲ್ಲ.

ಪತ್ತೆಯ ಮೊದಲ ಹೆಜ್ಜೆಗೆ ಆ ದೊಡ್ಡ ಸ್ಕ್ಯಾನ್ ಬೇಕಿಲ್ಲ ಎಂಬುದೇ ನಾವು ಒತ್ತಿ ಹೇಳಬೇಕಾದ ಸಂಗತಿ. ಕಣ್ಣಿನ ಡಾಕ್ಟರು ಒತ್ತಡ ಅಳೆದು, ಹನಿ ಹಾಕಿ ನರ ನೋಡಿ, ಅನುಮಾನ ಬಂದರೆ ಪಕ್ಕದ ನೋಟದ ಪರೀಕ್ಷೆ ಬರೆಯುತ್ತಾರೆ. 40 ದಾಟಿದವರು, ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದವರು "ಒತ್ತಡ, ನರ ಎರಡೂ ನೋಡಿ ಸಾರ್" ಎಂದು ಬಾಯಿಬಿಟ್ಟು ಕೇಳಿ. ಕಣ್ಣು ಕೆಂಪಾಯಿತೆಂದು ಮೆಡಿಕಲ್ ಶಾಪಿನಿಂದ ಸ್ಟೀರಾಯ್ಡ್ ಹನಿ ತಂದು ತಿಂಗಳುಗಟ್ಟಲೆ ಹಾಕಿಕೊಂಡವರೂ ಹೋಗಿ ತೋರಿಸಿ, ಅದರಿಂದಲೂ ಒತ್ತಡ ಏರುತ್ತದೆ. ಈಗಾಗಲೇ ಗ್ಲಾಕೋಮಾ ಹನಿ ಹಾಕಿಕೊಳ್ಳುತ್ತಿರುವವರು, ವ್ಯತ್ಯಾಸ ಕಾಣುತ್ತಿಲ್ಲವೆಂದು ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ.