ಒಂದು ಋತುವಿನ ತೂಕ

ಕ್ರೀಡೆಯ ಚರಿತ್ರೆಯನ್ನು ಅಳೆಯಲು ಮೂರು ಅಳತೆಗೋಲುಗಳಿವೆ: ಒಂದು ದಿನದ ಆಟ, ಒಂದು ಋತುವಿನ ಆಟ, ಒಂದು ಜೀವಮಾನದ ಆಟ. ಜನರ ನೆನಪು ಮೊದಲನೆಯದನ್ನು ಹಿಡಿದಿಡುತ್ತದೆ, ದಾಖಲೆಯ ಹೊತ್ತಗೆಗಳು ಮೂರನೆಯದನ್ನು ಮೊತ್ತ ಹಾಕಿ ಇಡುತ್ತವೆ. ನಡುವಿನ ಋತುವಿಗೆ ಮಾತ್ರ ವಾರಸುದಾರರು ಕಡಿಮೆ. ಕನ್ನಡ ನಾಡಿನ ರೂಢಿಯಲ್ಲಿ ಹೇಳುವುದಾದರೆ, ತುರು ಕಾಯ್ದು ಮಡಿದವನ ಒಂದು ಹೊತ್ತಿನ ಹೋರಾಟಕ್ಕೆ ವೀರಗಲ್ಲು ನಿಲ್ಲುತ್ತದೆ, ದೊರೆಯ ಇಡೀ ಬಾಳನ್ನು ಚರಿತಕಾವ್ಯ ಹಾಡುತ್ತದೆ, ಇಂಥ ಶಕವರ್ಷದ ಇಂಥ ಸಂವತ್ಸರದಲ್ಲಿ ನಡೆದದ್ದು ಇಷ್ಟು ಎಂದು ಹೇಳಿ ಸುಮ್ಮನಾಗುವ ಕೆಲಸ ಶಾಸನದ್ದು. ನಿಜವಾದ ಅಂಕಿಅಂಶಗಳನ್ನು ಆಧರಿಸಿ ಮೇಜಿನ ಮೇಲೋ ಕಂಪ್ಯೂಟರಿನಲ್ಲೋ ಹಳೆಯ ಆಟಗಾರರನ್ನು ಮತ್ತೆ ಆಡಿಸುವ ಬೇಸ್‌ಬಾಲಿನ ‘ಸಿಮ್ಯುಲೇಶನ್’ ಪಂದ್ಯಗಳು ಈ ಶಾಸನದ ಕ್ರಮವನ್ನೇ ನೆಚ್ಚಿಕೊಂಡಿವೆ. ಅಲ್ಲಿ ಆಯ್ಕೆಗೆ ಒದಗುವುದು ಆಟಗಾರನ ಹೆಸರಲ್ಲ, ಅವನ ಒಂದು ವರ್ಷ.

ಈ ಬಗೆಯ ಆಟಗಳಲ್ಲಿ ಬಹಳ ಹೆಸರಾದದ್ದು ಅಮೆರಿಕದ ಹಾಲ್ ರಿಚ್‌ಮನ್ 1961ರಲ್ಲಿ ಮಾರುಕಟ್ಟೆಗೆ ತಂದ ‘ಸ್ಟ್ರ್ಯಾಟ್-ಓ-ಮ್ಯಾಟಿಕ್’. ಪ್ರತಿಯೊಬ್ಬ ಆಟಗಾರನಿಗೂ ಅದರಲ್ಲಿ ಒಂದು ಕಾರ್ಡು ಇರುತ್ತದೆ. ಮೂರು ದಾಳಗಳನ್ನು ಒಟ್ಟಿಗೆ ಉರುಳಿಸಿದಾಗ ಒಂದು ದಾಳದಲ್ಲಿ 1ರಿಂದ 3ರವರೆಗಿನ ಅಂಕಿ ಬಿದ್ದರೆ ಬ್ಯಾಟುಗಾರನ ಕಾರ್ಡನ್ನೂ, 4ರಿಂದ 6ರವರೆಗಿನ ಅಂಕಿ ಬಿದ್ದರೆ ಚೆಂಡೆಸೆಯುವವನ ಕಾರ್ಡನ್ನೂ ನೋಡಬೇಕು. ಉಳಿದೆರಡು ದಾಳಗಳ ಮೊತ್ತ ಆ ಕಾರ್ಡಿನ ಯಾವ ಸಾಲನ್ನು ಓದಬೇಕೆಂದು ಹೇಳುತ್ತದೆ. ಎರಡು ದಾಳಗಳ ಮೊತ್ತ ಏಳಾಗುವ ಸಾಧ್ಯತೆ 36ರಲ್ಲಿ 6, ಹನ್ನೆರಡಾಗುವ ಸಾಧ್ಯತೆ 36ರಲ್ಲಿ 1 ಮಾತ್ರ. ಹಾಗಾಗಿ ‘ಹೋಮ್ ರನ್’ ಎಂಬ ಫಲವನ್ನು ಏಳರ ಸಾಲಿನಲ್ಲಿ ಬರೆಯಬೇಕೋ ಹನ್ನೆರಡರ ಸಾಲಿನಲ್ಲಿ ಬರೆಯಬೇಕೋ ಎಂಬುದನ್ನು ಆ ಆಟಗಾರ ಆ ವರ್ಷ ನಿಜವಾಗಿ ಎಷ್ಟು ಹೋಮ್ ರನ್ ಹೊಡೆದಿದ್ದ ಎಂಬ ಲೆಕ್ಕವೇ ತೀರ್ಮಾನಿಸುತ್ತದೆ. ನ್ಯೂಯಾರ್ಕ್ ಯಾಂಕೀಸ್ ತಂಡದ ಬೇಬ್ ರೂತ್ 1927ರಲ್ಲಿ 60 ಹೋಮ್ ರನ್ ಹೊಡೆದ. ಅದಕ್ಕೆ ಎರಡು ವರ್ಷ ಮೊದಲು, ಕಾಯಿಲೆಬಿದ್ದ 1925ರಲ್ಲಿ, ಅವನಿಗೆ ದಕ್ಕಿದ್ದು 25. ಮನುಷ್ಯ ಒಬ್ಬನೇ, ಕಾರ್ಡು ಎರಡು.

ಇದರ ಸೂಕ್ಷ್ಮ ತಿಳಿಯಲು ಶಾಲೆಯ ಕೊನೆಯ ಬೆಂಚಿನ ‘ಬುಕ್ ಕ್ರಿಕೆಟ್’ ಅನ್ನು ಪಕ್ಕಕ್ಕಿಟ್ಟು ನೋಡಬಹುದು. ಪಠ್ಯಪುಸ್ತಕವನ್ನು ಪಟ್ಟನೆ ತೆರೆದು, ಎಡಪುಟದ ಸಂಖ್ಯೆಯ ಕೊನೆಯ ಅಂಕಿಯನ್ನು ರನ್ ಎಂದು ಬರೆದುಕೊಳ್ಳುವುದು, ಸೊನ್ನೆ ಬಂದರೆ ಔಟ್ ಎಂದು ಒಪ್ಪಿಕೊಳ್ಳುವುದು ಆ ಆಟದ ನಿಯಮ. ಎಂಟನ್ನೂ ರನ್ ಎಂದೇ ಎಣಿಸುವುದಾದರೆ 0, 2, 4, 6, 8 ಎಂಬ ಐದು ಅಂಕಿಗಳು ಸರಿಸಮನಾಗಿ ಬೀಳುವ ಈ ಆಟದಲ್ಲಿ ಪ್ರತಿಯೊಬ್ಬ ಬ್ಯಾಟರ್‌ನ ಸರಾಸರಿಯೂ ದೀರ್ಘಕಾಲದಲ್ಲಿ 20ಕ್ಕೇ ಬಂದು ನಿಲ್ಲುತ್ತದೆ. ಗುಂಡಪ್ಪ ವಿಶ್ವನಾಥರ ಹೆಸರು ಬರೆದುಕೊಂಡರೂ ಬಿ.ಎಸ್. ಚಂದ್ರಶೇಖರರ ಹೆಸರು ಬರೆದುಕೊಂಡರೂ ಪುಸ್ತಕಕ್ಕೆ ವ್ಯತ್ಯಾಸ ಗೊತ್ತಾಗದು. ಹೆಸರು ಇದೆ, ಆ ಹೆಸರು ದುಡಿದು ಗಳಿಸಿದ ಚರಿತ್ರೆ ಇಲ್ಲ. ಸಿಮ್ಯುಲೇಶನ್ ಆಟ ಮಾಡುವುದು ಇಷ್ಟೇ: ಅದೃಷ್ಟವನ್ನು ದಾಳದಲ್ಲಿ ಉಳಿಸಿಕೊಂಡು, ಚರಿತ್ರೆಯನ್ನು ಕಾರ್ಡಿಗೆ ಇಳಿಸುತ್ತದೆ.

ಕಾರ್ಡುಗಳನ್ನು ಹಂಚಿಕೊಳ್ಳುವ ಪದ್ಧತಿಗೆ ‘ಡ್ರಾಫ್ಟ್’ ಎಂದು ಹೆಸರು. ಹಣ ಕೂಗಿ ಕೊಳ್ಳುವ ಐಪಿಎಲ್ ಹರಾಜಿಗಿಂತ ಇದು ಗಲ್ಲಿ ಕ್ರಿಕೆಟ್ಟಿನಲ್ಲಿ ಇಬ್ಬರು ನಾಯಕರು ‘ಅವನು ನನಗೆ, ಇವನು ನಿನಗೆ’ ಎಂದು ಸರದಿಯ ಮೇಲೆ ಹುಡುಗರನ್ನು ಆರಿಸಿಕೊಳ್ಳುವ ಕ್ರಮಕ್ಕೆ ಹತ್ತಿರ. ಒಂದೇ ಸಂಸ್ಥೆಯ, ಅಂದರೆ ಒಂದು ‘ಫ್ರಾಂಚೈಸಿ’ಯ, ಹಲವು ದಶಕಗಳ ಋತುಗಳಿಂದ ಮಾತ್ರ ತಂಡ ಕಟ್ಟಬೇಕು ಮತ್ತು ಒಬ್ಬ ಆಟಗಾರನನ್ನು ಒಂದೇ ಋತುವಿನ ರೂಪದಲ್ಲಿ ಆರಿಸಬೇಕು ಎಂಬ ಕಟ್ಟುಪಾಡು ಸೇರಿದಾಗ ಈ ಆಟ ಇತಿಹಾಸದ ಪರೀಕ್ಷೆಯಾಗಿ ಮಾರ್ಪಡುತ್ತದೆ. ಬೇಸ್‌ಬಾಲ್ ಇಲ್ಲದ ದಖ್ಖನ್ನಿನಲ್ಲಿ ಈ ಪರೀಕ್ಷೆಗೆ ಒಗ್ಗುವ ತಂಡವೆಂದರೆ ಹೈದರಾಬಾದಿನ ರಣಜಿ ತಂಡ. ಹಿಮಾಯತ್‌ನಗರದಿಂದ ಬಷೀರ್‌ಬಾಗ್ ಕಡೆಗೆ ನಡೆದು ಮುಟ್ಟಬಹುದಾದ ಫತೇ ಮೈದಾನ, ಅಂದರೆ ಈಗಿನ ಲಾಲ್ ಬಹದ್ದೂರ್ ಶಾಸ್ತ್ರಿ ಕ್ರೀಡಾಂಗಣ, ಆ ತಂಡದ ನೆನಪಿನ ನೆಲ. 1955, 1969, 1988ರಲ್ಲಿ ಅಲ್ಲಿ ನಡೆದ ಮೂರು ಟೆಸ್ಟುಗಳಲ್ಲಿಯೂ ಎದುರಾಳಿ ನ್ಯೂಜಿಲೆಂಡ್. ಮೊದಲನೆಯದರಲ್ಲಿ ಪಾಲಿ ಉಮ್ರಿಗರ್ 223 ರನ್ ಗಳಿಸಿ ಟೆಸ್ಟಿನಲ್ಲಿ ಭಾರತದ ಮೊದಲ ದ್ವಿಶತಕ ಬರೆದರು. 1999ರ ನವೆಂಬರಿನಲ್ಲಿ ಅದೇ ನ್ಯೂಜಿಲೆಂಡ್ ವಿರುದ್ಧದ ಏಕದಿನ ಪಂದ್ಯದಲ್ಲಿ ಕರ್ನಾಟಕದ ರಾಹುಲ್ ದ್ರಾವಿಡ್ ಸಚಿನ್ ತೆಂಡೂಲ್ಕರರೊಡನೆ 331 ರನ್ನುಗಳ ಜೊತೆಯಾಟ ಆಡಿದರು. ಇವು ವೀರಗಲ್ಲುಗಳು, ಒಂದು ದಿನದ ಮಾತು.

ತಂಡ ಕಟ್ಟುವ ಮೊದಲೇ ಎದುರಾಗುವ ಪ್ರಶ್ನೆ ‘ಫ್ರಾಂಚೈಸಿ’ ಎಂದರೆ ಯಾವುದು ಎಂಬುದು. ಬ್ರೂಕ್ಲಿನ್ನಿನ ಡಾಜರ್ಸ್ ತಂಡ 1958ರಿಂದ ಲಾಸ್ ಏಂಜಲೀಸಿನಲ್ಲಿ ಆಡತೊಡಗಿದರೂ ಅದರ ವಂಶಾವಳಿ ಕಡಿಯಲಿಲ್ಲ, ಊರು ಬಿಟ್ಟರೂ ಹೆಸರು ಬಿಡಲಿಲ್ಲ. ದಖ್ಖನ್ನಿನಲ್ಲಿ ನಡೆದದ್ದು ಬೇರೆ ಬಗೆಯದು. 1956ರಲ್ಲಿ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿ ಹೈದರಾಬಾದ್ ಎಂಬ ರಾಜ್ಯವೇ ಭೂಪಟದಿಂದ ಮರೆಯಾದ ಮೇಲೂ ಆ ಹೆಸರಿನ ಕ್ರಿಕೆಟ್ ತಂಡ ಉಳಿಯಿತು. ಒಂದೇ ರಾಜ್ಯದೊಳಗೆ ಹೈದರಾಬಾದ್ ಮತ್ತು ಆಂಧ್ರ ಎರಡು ಬೇರೆ ತಂಡಗಳಾಗಿ ಪರಸ್ಪರ ಸೆಣಸಿದವು. ಮೈಸೂರಿನ ಕತೆ ಇದಕ್ಕೆ ತಿರುವುಮುರುವು. 1941–42 ಮತ್ತು 1959–60ರ ಫೈನಲ್‌ಗಳಲ್ಲಿ ಮುಂಬಯಿಗೆ ಸೋತದ್ದು ಮೈಸೂರು, 1973–74ರಲ್ಲಿ ಮೊದಲ ಬಾರಿಗೆ ರಣಜಿ ಟ್ರೋಫಿ ಎತ್ತಿದ್ದು ಆಗತಾನೆ ನಾಮಕರಣಗೊಂಡಿದ್ದ ಕರ್ನಾಟಕ. ತಂಡ ಮಾತ್ರ ಒಂದೇ. ಐಪಿಎಲ್ಲಿನಲ್ಲಿ ಗಂಟು ಇನ್ನೂ ಬಿಗಿ. 2008ರಲ್ಲಿ ಕೊಟ್ಟಕೊನೆಯ ಸ್ಥಾನಕ್ಕೆ ಕುಸಿದು 2009ರಲ್ಲಿ ಬೆಂಗಳೂರನ್ನು ಆರು ರನ್ನುಗಳಿಂದ ಸೋಲಿಸಿ ಕಿರೀಟ ಗೆದ್ದ ಡೆಕ್ಕನ್ ಚಾರ್ಜರ್ಸ್, 2013ರಿಂದ ಆಡುತ್ತ 2016ರಲ್ಲಿ ಮತ್ತೆ ಬೆಂಗಳೂರನ್ನೇ ಎಂಟು ರನ್ನುಗಳಿಂದ ಮಣಿಸಿದ ಸನ್‌ರೈಸರ್ಸ್, ಕಾಗದದ ಮೇಲೆ ಬೇರೆ ಬೇರೆ ಸಂಸ್ಥೆಗಳು, ಊರಿನವರ ಅಭಿಮಾನದಲ್ಲಿ ಒಂದೇ ಸರಣಿ. ಡ್ರಾಫ್ಟಿಗೆ ಕೂತವರು ವಂಶಾವಳಿಯನ್ನು ಒಡೆತನದಿಂದ ಎಣಿಸಬೇಕೋ ಊರಿನಿಂದ ಎಣಿಸಬೇಕೋ ಎಂಬುದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳದೆ ವಿಧಿಯಿಲ್ಲ.

ರಣಜಿಯ ಹೈದರಾಬಾದಿಗೆ ಸೀಮಿತಗೊಳಿಸಿಕೊಂಡರೆ ಮೊದಲ ಕಾರ್ಡು ಯಾರದೆಂಬ ಬಗ್ಗೆ ವಾದವಿರದು. 1999–2000ರ ಋತುವಿನಲ್ಲಿ ವಿ.ವಿ.ಎಸ್. ಲಕ್ಷ್ಮಣ್ ಒಂಬತ್ತು ಪಂದ್ಯಗಳಲ್ಲಿ ಎಂಟು ಶತಕಗಳೊಡನೆ 108.84ರ ಸರಾಸರಿಯಲ್ಲಿ 1415 ರನ್ ಗಳಿಸಿದರು; ಅದರಲ್ಲಿ 353 ರನ್ ಬಂದದ್ದು ಬೆಂಗಳೂರಿನಲ್ಲಿ, ಸೆಮಿಫೈನಲ್ಲಿನಲ್ಲಿ, ಕರ್ನಾಟಕದ ಬೌಲರುಗಳನ್ನು ಬಸವಳಿಸಿ. ಮರುವರ್ಷ ಕೋಲ್ಕತ್ತದಲ್ಲಿ ಆಸ್ಟ್ರೇಲಿಯದ ವಿರುದ್ಧ ಅವರು ಹೊಡೆದ 281 ಎಲ್ಲರ ಬಾಯಲ್ಲಿದೆ. ಅದರ ಹಿಂದಿದ್ದ ಈ ಋತು ಮಾತ್ರ ಶಾಸನದಂತೆ, ಹುಡುಕಿಕೊಂಡು ಹೋಗಿ ಓದುವವರಿಗಷ್ಟೇ ಕಾಣುತ್ತದೆ.

ಆದರೆ ಡ್ರಾಫ್ಟಿನ ಪಳಗಿದ ಕೈ ಎಲ್ಲಕ್ಕಿಂತ ದೊಡ್ಡ ಅಂಕಿಗೆ ಮೊದಲು ಚಾಚುವುದಿಲ್ಲ, ಎಲ್ಲಕ್ಕಿಂತ ವಿರಳವಾದ ಗುಣಕ್ಕೆ ಚಾಚುತ್ತದೆ. ಹೈದರಾಬಾದಿನ ಭಂಡಾರದಲ್ಲಿ ಸ್ಪಿನ್ನಿಗೆ ಬರವಿಲ್ಲ. ಗುಲಾಂ ಅಹ್ಮದ್, ಶಿವಲಾಲ್ ಯಾದವ್, ಅರ್ಷದ್ ಅಯೂಬ್, ವೆಂಕಟಪತಿ ರಾಜು, ಪ್ರಜ್ಞಾನ್ ಓಝಾ ಇವರೆಲ್ಲರೂ ಭಾರತಕ್ಕೆ ಆಡಿದವರು, ಮತ್ತು ಇವರಲ್ಲಿ ಒಬ್ಬರು ಕೈತಪ್ಪಿದರೆ ಇನ್ನೊಬ್ಬರು ಮುಂದಿನ ಸುತ್ತಿನಲ್ಲಿ ಸಿಕ್ಕೇ ಸಿಗುತ್ತಾರೆ. ಬ್ಯಾಟಿಂಗಿನಲ್ಲಿಯೂ ಎಂ.ಎಲ್. ಜಯಸಿಂಹರಿಂದ ಮೊಹಮ್ಮದ್ ಅಜರುದ್ದೀನ್‌ವರೆಗೆ ಸಾಲು ಉದ್ದವಿದೆ. ಹೊಸ ಚೆಂಡಿನ ವೇಗಿಗಳನ್ನು ಎಣಿಸಹೊರಟರೆ ಮಾತ್ರ ಒಂದು ಕೈಬೆರಳುಗಳು ಸಾಕು ಸಾಕು. ಆದ್ದರಿಂದ 2016–17ರ ರಣಜಿಯಲ್ಲಿ 41 ವಿಕೆಟ್ ಕಿತ್ತ ಮೊಹಮ್ಮದ್ ಸಿರಾಜ್ ಅವರ ಕಾರ್ಡು ಲಕ್ಷ್ಮಣರದರ ಬೆನ್ನಿಗೇ ಕೈಗೆ ಬಂದುಬಿಡಬೇಕು. ವಸ್ತುವಿನ ಬೆಲೆ ಅದರ ಗುಣದಷ್ಟೇ ಅದಕ್ಕೆ ಬದಲಿ ಸಿಗುವುದೋ ಇಲ್ಲವೋ ಎಂಬುದರಿಂದಲೂ ನಿರ್ಧಾರವಾಗುತ್ತದೆ ಎಂಬ ಸಂತೆಯ ಸತ್ಯ ಇಲ್ಲಿಯೂ ನಿಜ.

ಅಂಕಿಗಳನ್ನು ಅವು ಹುಟ್ಟಿದ ಕಾಲದಿಂದ ಕಿತ್ತು ತೂಗುವಂತಿಲ್ಲ ಎಂಬುದು ಆಯ್ಕೆಯ ಇನ್ನೊಂದು ಎಚ್ಚರ. 1994ರ ಜನವರಿಯಲ್ಲಿ ಆಂಧ್ರದ ವಿರುದ್ಧ ಎಂ.ವಿ. ಶ್ರೀಧರ್ 366 ರನ್ ಗಳಿಸಿದರು. ಅದೇ ಇನಿಂಗ್ಸಿನಲ್ಲಿ ವಿವೇಕ್ ಜಯಸಿಂಹ 211, ನೋಯೆಲ್ ಡೇವಿಡ್ ಔಟಾಗದೆ 207 ರನ್ ಮಾಡಿ, ತಂಡ 6 ವಿಕೆಟ್ಟಿಗೆ 944 ಎಂದು ಡಿಕ್ಲೇರ್ ಮಾಡಿಕೊಂಡಿತು. ಒಂದೇ ಇನಿಂಗ್ಸಿನಲ್ಲಿ ಮೂವರು ಇನ್ನೂರು ದಾಟಿದರೆಂದಾಗ ಪ್ರತಿಭೆಯ ಜೊತೆಗೆ ಪಿಚ್ಚನ್ನೂ ಎದುರಾಳಿಯನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ. ಅತ್ತ 1937–38ರ ಫೈನಲ್ಲಿನಲ್ಲಿ ನವಾನಗರದ ವಿರುದ್ಧ ಹೈದರಾಬಾದ್ ಒಂದೇ ವಿಕೆಟ್ ಉಳಿಸಿಕೊಂಡು ಗೆದ್ದಾಗ ಕೊನೆಯವರೆಗೆ ನಿಂತ ಎಡುಲ್ಜಿ ಐಬರಾ ಅವರ ಔಟಾಗದ 137, ಅಂಕಿಯಲ್ಲಿ ಶ್ರೀಧರರದರ ಅರ್ಧಕ್ಕೂ ಕಡಿಮೆ. ಆಗಿನ ಒಂದು ಋತುವೆಂದರೆ ಬೆರಳೆಣಿಕೆಯ ಪಂದ್ಯಗಳು. ನಾಲ್ಕಾರು ಇನಿಂಗ್ಸುಗಳ ಸರಾಸರಿ ಒಂದು ಒಳ್ಳೆಯ ದಿನದಿಂದಲೇ ಉಬ್ಬಿಬಿಡುತ್ತದೆ. ಹಾಗೆಂದೇ ಸಿಮ್ಯುಲೇಶನ್ ಆಟಗಳಲ್ಲಿ ಕನಿಷ್ಠ ಇಷ್ಟು ಬಾರಿ ಬ್ಯಾಟು ಹಿಡಿದಿರಬೇಕು ಎಂಬ ಮಿತಿ ಹಾಕಿಕೊಳ್ಳುವುದೂ, ಆಯಾ ಋತುವಿನ ಎಲ್ಲ ಆಟಗಾರರ ಸರಾಸರಿಯ ಎದುರಿಗಿಟ್ಟು ಒಬ್ಬನ ಸಾಧನೆಯನ್ನು ತೂಗುವುದೂ ರೂಢಿ. ಕೆಲವು ಗುಣಗಳಂತೂ ಸರಾಸರಿಗೆ ಸಿಕ್ಕುವುದೇ ಇಲ್ಲ. 1950–51ರಲ್ಲಿ ಇಂದೋರಿನಲ್ಲಿ ಹೋಳ್ಕರ್ ತಂಡದ ವಿರುದ್ಧ ಗುಲಾಂ ಅಹ್ಮದ್ ಒಂದೇ ಇನಿಂಗ್ಸಿನಲ್ಲಿ 92.3 ಓವರ್ ಎಸೆದು 245 ರನ್ ಕೊಟ್ಟು ಪಡೆದದ್ದು ನಾಲ್ಕೇ ವಿಕೆಟ್. ಸರಾಸರಿ ಇದನ್ನು ಸಾಧಾರಣವೆಂದೀತು, 555 ಎಸೆತಗಳ ಭಾರ ಹೊತ್ತ ಆ ಭುಜವನ್ನು ಅದು ಕಾಣದು.

ಋತುವನ್ನೇ ಘಟಕವಾಗಿ ಹಿಡಿಯುವ ಈ ಪದ್ಧತಿಯ ನಿಜವಾದ ಔದಾರ್ಯ ಪ್ರಕಟವಾಗುವುದು ವೃತ್ತಿಜೀವನದ ತಕ್ಕಡಿಯಲ್ಲಿ ಹಗುರಾದವರ ವಿಷಯದಲ್ಲಿ. ಕರ್ನಾಟಕದ ವಿಜಯ್ ಭಾರದ್ವಾಜ್ ಆಡಿದ್ದು ಮೂರು ಟೆಸ್ಟು, ಹತ್ತು ಏಕದಿನ ಪಂದ್ಯ; ಜೀವಮಾನದ ಲೆಕ್ಕದಲ್ಲಿ ಅದೊಂದು ಅಡಿಟಿಪ್ಪಣಿ. ಆದರೆ 1998–99ರಲ್ಲಿ ರಾಶಿ ರಾಶಿ ರನ್ ಗಳಿಸಿ, ಡ್ರಾ ಮಾಡಿಕೊಂಡಿದ್ದರೂ ಮೊದಲ ಇನಿಂಗ್ಸ್ ಮುನ್ನಡೆಯ ಬಲದಿಂದ ಟ್ರೋಫಿ ಒಯ್ಯಬಹುದಾಗಿದ್ದ ಮಧ್ಯಪ್ರದೇಶವನ್ನು ಫೈನಲ್ಲಿನ ಕೊನೆಯ ದಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ತಮ್ಮ ಆಫ್‌ಸ್ಪಿನ್ನಿನಿಂದ ಆರು ವಿಕೆಟ್ ಕಿತ್ತು ಕೆಡವಿದವರು ಅವರೇ. ಕರ್ನಾಟಕದ ಋತುಗಳ ಡ್ರಾಫ್ಟಿನಲ್ಲಿ ಆ ಕಾರ್ಡು ಮೊದಲ ಸುತ್ತುಗಳಲ್ಲೇ ಖಾಲಿಯಾಗುವಂಥದ್ದು. ಹೈದರಾಬಾದಿನಲ್ಲಿ ಅದೇ ಸ್ಥಾನ ಅಬ್ದುಲ್ ಅಜೀಂ ಅವರದು. 1986–87ರಲ್ಲಿ ತಮಿಳುನಾಡಿನ ವಿರುದ್ಧ ಔಟಾಗದೆ 303 ರನ್ ಗಳಿಸಿದ ಈ ಆರಂಭಿಕ ಬ್ಯಾಟರ್‌ಗೆ ಭಾರತದ ಟೋಪಿ ಕೊನೆಗೂ ಸಿಗಲಿಲ್ಲ. ಆ ಋತುವಿನ ಕಾರ್ಡಿನಲ್ಲಿ ಆ ಟೋಪಿಯ ಮಾತೇ ಏಳುವುದಿಲ್ಲ. ಆ ವರ್ಷ ಏನು ಮಾಡಿದ ಎಂಬುದಷ್ಟನ್ನೇ ಅದು ಕೇಳುತ್ತದೆ.

ಹೈದರಾಬಾದ್ ಎರಡನೆಯ ಬಾರಿ ರಣಜಿ ಟ್ರೋಫಿ ಗೆದ್ದದ್ದು ಅಜೀಂ ಅವರ ಆ ಋತುವಿನಲ್ಲೇ. ಎಂ.ವಿ. ನರಸಿಂಹರಾವ್ ಅವರ ನಾಯಕತ್ವದ ಆ ತಂಡ ದೆಹಲಿಯ ಫಿರೋಜ್ ಷಾ ಕೋಟ್ಲಾದಲ್ಲಿ ದೆಹಲಿಯನ್ನೇ ಮೊದಲ ಇನಿಂಗ್ಸ್ ಮುನ್ನಡೆಯ ಆಧಾರದ ಮೇಲೆ ಹಿಂದಿಕ್ಕಿತು. ಅದಕ್ಕೆ ಹದಿಮೂರು ವರ್ಷಗಳ ನಂತರ, ಲಕ್ಷ್ಮಣ್ 1415 ರನ್ ಗಳಿಸಿದ ಋತುವಿನಲ್ಲಿ, ಹೈದರಾಬಾದ್ ಫೈನಲ್ ಮುಟ್ಟಿ ಮುಂಬಯಿಗೆ ಸೋತಿತು. ಹೈದರಾಬಾದಿನ ಶ್ರೇಷ್ಠ ಋತುಗಳ ಕಾರ್ಡುಗಳನ್ನು ಮೇಜಿನ ಮೇಲೆ ಹರಡಿದಾಗ ಎಲ್ಲಕ್ಕಿಂತ ಭಾರವಾದ ಕಾರ್ಡು ಹೀಗೆ ಸೋತ ವರ್ಷದ್ದೇ ಆಗಿರುತ್ತದೆ, ಮತ್ತು ಗೆದ್ದ ವರ್ಷದಿಂದ ಎತ್ತಿಕೊಳ್ಳಬೇಕಾದದ್ದು ಭಾರತಕ್ಕೆ ಎಂದೂ ಆಡದವನೊಬ್ಬನ ಕಾರ್ಡು. ದಾಳ ಉರುಳಿಸುವ ಮುನ್ನ ಈ ಎರಡನ್ನೂ ಅಕ್ಕಪಕ್ಕ ಜೋಡಿಸಿಟ್ಟವರು ಫತೇ ಮೈದಾನದ ಚರಿತ್ರೆಯನ್ನು ಅರ್ಧ ಓದಿಬಿಟ್ಟಿರುತ್ತಾರೆ.