ಹೈದರಾಬಾದಿನ ಪಾರ್ಟಿ ಗುಳಿಗೆ, ಗಡಿಯ ಸೇಂದಿ: ಒಂದೇ ರಸ್ತೆಯ ಎರಡು ಅಮಲು

ಜಹೀರಾಬಾದ್: ಡಿಸೆಂಬರ್ 31 ಸಮೀಪಿಸಿತೆಂದರೆ ಹೈದರಾಬಾದಿನಲ್ಲಿ ಓದುವ, ದುಡಿಯುವ ಮಕ್ಕಳಿಂದ ಊರಿಗೆ ಫೋನು ಬರುತ್ತದೆ. 'ಈ ಸಲ ಬರಂಗಿಲ್ಲ, ದೋಸ್ತರ ಕೂಡ ಪಾರ್ಟಿ ಅದ.' ಜಹೀರಾಬಾದ್, ನಾರಾಯಣಖೇಡ, ತಾಂಡೂರು ಭಾಗದ ಕನ್ನಡ ಮನೆಗಳಿಗೆ ಇಂಥ ಫೋನು ಹೊಸತಲ್ಲ. ಬದಲಾಗಿರುವುದು ಪಾಲಕರ ಪ್ರಶ್ನೆ. ಮೊದಲೆಲ್ಲ 'ಕುಡಿತೀ ಏನೋ?' ಎಂದು ಕೇಳಿದರೆ ಮುಗಿಯುತ್ತಿತ್ತು. ಈಗ ಗಾಜಿನ ಲೋಟ ಮುಟ್ಟದ ಹುಡುಗನೂ ಅಮಲಿನಲ್ಲಿರಬಹುದು. ಬಾಯಿ ವಾಸನೆ ಇಲ್ಲ, ತೂರಾಟ ಇಲ್ಲ. ಕಿವಿ ಕಿವುಡಾಗುವ ಸಂಗೀತಕ್ಕೆ ಬೆಳಗಿನ ತನಕ ಕುಣಿಯುತ್ತಾನೆ, ಅಷ್ಟೇ.

ಆ ಗುಳಿಗೆಯ ಹೆಸರು ಎಕ್ಸ್‌ಟಸಿ. ಅದರೊಳಗಿನ ರಾಸಾಯನಿಕ ಎಂ.ಡಿ.ಎಂ.ಎ. ಜರ್ಮನಿಯ ಮರ್ಕ್ ಕಂಪನಿ 1912ರಲ್ಲೇ ಇದನ್ನು ಮೊದಲು ತಯಾರಿಸಿತ್ತು. 80ರ ದಶಕದಲ್ಲಿ ಅಮೆರಿಕ, ಯುರೋಪಿನ ಡಾನ್ಸ್ ಪಾರ್ಟಿಗಳನ್ನು ಹೊಕ್ಕಿತು. 1985ರಲ್ಲಿ ಅಮೆರಿಕ ನಿಷೇಧಿಸಿತು. ನಮ್ಮ ದೇಶದ ಎನ್‌ಡಿಪಿಎಸ್ ಕಾಯ್ದೆಯೂ 1985ರದ್ದೇ.

ತೆಲಂಗಾಣದ ಮನೆಮಾತಿಗೆ ಈ ಹೆಸರು ಬಂದಿದ್ದು 2017ರ ಜುಲೈನಲ್ಲಿ. ಅಬಕಾರಿ ಇಲಾಖೆಯ ವಿಶೇಷ ತಂಡ ಹೈದರಾಬಾದಿನಲ್ಲಿ ಎಲ್‌ಎಸ್‌ಡಿ, ಎಂ.ಡಿ.ಎಂ.ಎ ಮಾರುವವರನ್ನು ಹಿಡಿಯಿತು. ತೆಲುಗು ಚಿತ್ರರಂಗದವರ ವಿಚಾರಣೆ ದಿನಗಟ್ಟಲೆ ಟಿವಿಯಲ್ಲಿ ನಡೆಯಿತು. ಗಿರಾಕಿಗಳಲ್ಲಿ ಶಾಲೆ-ಕಾಲೇಜು ಹುಡುಗರೂ ಇದ್ದಾರೆಂದು ಇಲಾಖೆ ಹೇಳಿದ ಮಾತು ಮಾತ್ರ ಸಿನಿಮಾದವರ ಗದ್ದಲದಲ್ಲಿ ಮುಚ್ಚಿಹೋಯಿತು. ಮುಂದೆ ಆ ಪ್ರಕರಣಗಳಲ್ಲಿ ಹಲವು ಸಾಕ್ಷ್ಯ ಸಾಲದೆ ಬಿದ್ದವು.

2022ರ ಮಾರ್ಚ್ ಕೊನೆಗೆ ಹೈದರಾಬಾದ್ ಪೊಲೀಸರು ಇನ್ನೊಂದು ಸುದ್ದಿ ಹೇಳಿದರು. ಹಲವು ಬಗೆಯ ಡ್ರಗ್ಸ್ ಒಟ್ಟಿಗೆ ಸೇವಿಸಿ ಎಂಜಿನಿಯರಿಂಗ್ ಓದುತ್ತಿದ್ದ ಹುಡುಗನೊಬ್ಬ ಸತ್ತಿದ್ದ. ನಗರದಲ್ಲಿ ಅತಿ ಸೇವನೆಯಿಂದಾದ ಮೊದಲ ಸಾವು ಎಂದು ಅದನ್ನು ಕರೆಯಲಾಯಿತು. ಅದಾದ ಕೆಲವೇ ದಿನಕ್ಕೆ ಬಂಜಾರಾ ಹಿಲ್ಸ್‌ನ ಪಂಚತಾರಾ ಹೋಟೆಲಿನ ಪಬ್ ಮೇಲೆ ದಾಳಿ. ದಾಳಿಯಲ್ಲಿ ದೊಡ್ಡ ಮನೆತನದ ಮಕ್ಕಳಿದ್ದರು. ಯಾವ ಸುದ್ದಿ ಹೆಚ್ಚು ದಿನ ಓಡಿತು ಎಂದು ಬೇರೆ ಹೇಳಬೇಕಿಲ್ಲ!

ಬೆಂಗಳೂರೂ ಹಿಂದೆ ಬಿದ್ದಿಲ್ಲ. 2024ರ ಮೇ ತಿಂಗಳಲ್ಲಿ ಎಲೆಕ್ಟ್ರಾನಿಕ್ ಸಿಟಿ ಸಮೀಪದ ಫಾರ್ಮ್‌ಹೌಸ್ ಒಂದರಲ್ಲಿ ಹುಟ್ಟುಹಬ್ಬದ ಹೆಸರಲ್ಲಿ ರೇವ್ ಪಾರ್ಟಿ ನಡೆದಿತ್ತು. ಸಿಸಿಬಿ ಪೊಲೀಸರು 103 ಜನರ ರಕ್ತ ಪರೀಕ್ಷೆ ಮಾಡಿಸಿದಾಗ 86 ಜನರಲ್ಲಿ ಡ್ರಗ್ಸ್ ಅಂಶ ಸಿಕ್ಕಿತು. ಬಂದವರಲ್ಲಿ ಬಹಳ ಮಂದಿ ತೆಲುಗು ರಾಜ್ಯಗಳವರು. ಕರ್ನಾಟಕದ ಹುಡುಗರು ಹೈದರಾಬಾದಿಗೆ, ತೆಲಂಗಾಣದವರು ಬೆಂಗಳೂರಿಗೆ. ತಮ್ಮ ಊರಲ್ಲದ ಊರಾದರೆ ಗುರುತು ಹಿಡಿಯುವವರು ಕಡಿಮೆ ಎಂಬ ಧೈರ್ಯವೋ ಏನೋ.

ಗುಳಿಗೆ ಮಾಡುವುದೇನು?

ಮಿದುಳಿನಲ್ಲಿ ಖುಷಿಗೆ, ನಿದ್ದೆಗೆ, ಹಸಿವಿಗೆ ಸಂಬಂಧಪಟ್ಟ ಸಿರೊಟೋನಿನ್ ಎಂಬ ರಸವಿದೆ. ದಿನಾ ಸ್ವಲ್ಪ ಸ್ವಲ್ಪವೇ ಖರ್ಚಾಗಬೇಕಾದ್ದನ್ನು ಈ ಗುಳಿಗೆ ಒಂದೇ ರಾತ್ರಿ ಹೊರಹಾಕಿಸುತ್ತದೆ. ಹೀಗಾಗಿ ಗುರುತಿಲ್ಲದವರೂ ಅಣ್ಣತಮ್ಮಂದಿರಂತೆ ಕಾಣುತ್ತಾರೆ. ಸಂಗೀತ ಮೈಯೊಳಗೇ ನುಡಿದಂತಾಗುತ್ತದೆ. ನುಂಗಿದವರು ಸುಳ್ಳು ಹೇಳುವುದಿಲ್ಲ, ಆ ಮೂರ್ನಾಲ್ಕು ತಾಸು ನಿಜಕ್ಕೂ ಚಂದ ಅನ್ನಿಸುತ್ತದೆ. 'ಅದರಾಗೇನೂ ಇಲ್ಲ, ಬರೇ ವಿಷ' ಎಂದು ಪಾಲಕರು ಹೇಳಿದರೆ ಒಮ್ಮೆ ರುಚಿ ನೋಡಿದ ಹುಡುಗ ನಂಬುವುದಿಲ್ಲ. ಮುಂದಿನ ಮಾತನ್ನೂ ನಂಬುವುದಿಲ್ಲ. ಎರಡು-ಮೂರು ದಿನ ಬಿಟ್ಟು ಖಾಲಿಯಾದ ಗಡಿಗೆಯಂತಾಗುವ ಮನಸ್ಸು, ಕಾರಣವಿಲ್ಲದ ಅಳು, ಸಿಟ್ಟು ಇವನ್ನು ಮಾತ್ರ ಯಾರೂ ಪಾರ್ಟಿಯಲ್ಲಿ ಹೇಳಿರುವುದಿಲ್ಲ.

ಜೀವಕ್ಕೆ ಕುತ್ತು ಬರುವುದು ಬೇರೆ ದಾರಿಯಿಂದ. ಗುಳಿಗೆ ಮೈ ಕಾವು ಏರಿಸುತ್ತದೆ, ದಣಿವು-ಬಾಯಾರಿಕೆ ತಿಳಿಯದಂತೆ ಮಾಡುತ್ತದೆ. ಗಾಳಿಯಾಡದ ಹಾಲ್, ನೂರಾರು ಜನ, ನಿಲ್ಲದ ಕುಣಿತ. ಮೈ ಕಾವು 40 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸ್ನಾಯು ಕರಗತೊಡಗುತ್ತದೆ, ಮೂತ್ರಪಿಂಡ ಕೈಕೊಡುತ್ತದೆ. ಇದಕ್ಕೆ ಹೆದರಿ ಲೀಟರುಗಟ್ಟಲೆ ನೀರು ಕುಡಿದವರೂ ಉಳಿಯುತ್ತಾರೆಂದಿಲ್ಲ. ಗುಳಿಗೆ ಮೂತ್ರ ತಡೆಯುತ್ತದೆ, ನೀರು ಮೈಯಲ್ಲೇ ನಿಂತು ರಕ್ತದ ಉಪ್ಪಿನಂಶ ಇಳಿಯುತ್ತದೆ, ಮಿದುಳು ಬಾವು ಬರುತ್ತದೆ. ವಿದೇಶದಲ್ಲಿ ಸತ್ತ ಹುಡುಗಿಯರಲ್ಲಿ ಹಲವರು ಹೀಗೇ ಸತ್ತವರು.

ಇನ್ನೊಂದು ಮೋಸ ಕಾಯುವಿಕೆಯದು. ನುಂಗಿದ ಮೇಲೆ ಅರ್ಧ ತಾಸಿನಿಂದ ಒಂದು ತಾಸು ಏನೂ ಆಗುವುದಿಲ್ಲ. 'ಡೂಪ್ಲಿಕೇಟ್ ಕೊಟ್ಟಾನ' ಅಂತ ಮತ್ತೊಂದು ನುಂಗುತ್ತಾರೆ. ಎರಡೂ ಒಮ್ಮೆಲೇ ಏರುತ್ತವೆ. ನಿಜವಾದ ಡೂಪ್ಲಿಕೇಟ್ ಇನ್ನೂ ಕೆಟ್ಟದ್ದು. ಯುರೋಪಿನಲ್ಲಿ ಎಕ್ಸ್‌ಟಸಿ ಹೆಸರಲ್ಲಿ ಪಿ.ಎಂ.ಎ ಎಂಬ ಬೇರೆ ರಾಸಾಯನಿಕ ಮಾರಾಟವಾಗಿ ಜನ ಸತ್ತಿದ್ದಾರೆ. ಅದು ನಿಧಾನವಾಗಿ ಏರುವ ವಿಷ, ಎರಡನೆಯ ಗುಳಿಗೆ ನುಂಗಲು ತಾನೇ ಕರೆಯುತ್ತದೆ.

ಒಂದೇ ಹೆಸರು, ಎರಡು ಮಾಲು

ಗಡಿಭಾಗದಲ್ಲಿ ಇನ್ನೊಂದು ಗೊಂದಲವಿದೆ. ಹುಡುಗರ ಬಾಯಲ್ಲಿ 'ಎಂಡಿ' ಎಂಬ ಮಾತಿದೆ. ಬೆಂಗಳೂರಿನ ಕಡೆಯವರು ಎಂ.ಡಿ.ಎಂ.ಎಗೆ ಹಾಗೆನ್ನುವುದುಂಟು. ಸೋಲಾಪುರ, ಪುಣೆ, ಮುಂಬಯಿ ಕಡೆ ಎಂಡಿ ಎಂದರೆ ಮೆಫೆಡ್ರೋನ್. ಅದು ಬೇರೆಯೇ ಪುಡಿ, ಬೇಗ ಇಳಿಯುತ್ತದೆ, ಇಳಿದೊಡನೆ ಮತ್ತೆ ಬೇಕೆನಿಸುತ್ತದೆ. ಮರಾಠಿ, ಕನ್ನಡ, ತೆಲುಗು ಮೂರೂ ಕೂಡುವ ಈ ಭಾಗದಲ್ಲಿ ಯಾರು ಯಾವುದನ್ನು ಎಂಡಿ ಅಂದರೆಂದು ಯಾರು ನೋಡಬೇಕು?

ಪುಣೆಯಿಂದ ಸೋಲಾಪುರ, ಉಮರ್ಗಾ, ಹುಮನಾಬಾದ್, ಜಹೀರಾಬಾದ್ ದಾಟಿ ಹೈದರಾಬಾದಿಗೆ ಹೋಗುವ ಹೆದ್ದಾರಿ ಈಗ 65. ಹಳಬರ ಬಾಯಲ್ಲಿ ಇನ್ನೂ 9 ನಂಬರ್ ರೋಡೇ. 2023ರ ಅಕ್ಟೋಬರಿನಲ್ಲಿ ಸೋಲಾಪುರ ಬಳಿಯ ಚಿಂಚೋಳಿ ಎಂಐಡಿಸಿಯಲ್ಲಿ ಮೆಫೆಡ್ರೋನ್ ಕಾರ್ಖಾನೆ ಸಿಕ್ಕಿತು. (ನಮ್ಮ ಕಲಬುರಗಿ ಜಿಲ್ಲೆಯ ಚಿಂಚೋಳಿ ಅಲ್ಲ, ಆ ದಿನ ಬಹಳ ಜನ ಗಾಬರಿಯಾಗಿದ್ದರು.) 2024ರ ಫೆಬ್ರುವರಿಯಲ್ಲಿ ಇದೇ ಹೆದ್ದಾರಿಯ ಕುರಕುಂಭದಲ್ಲಿ ಪುಣೆ ಪೊಲೀಸರು ನೂರಾರು ಕಿಲೋ ಹಿಡಿದರು. 2025ರ ಸೆಪ್ಟೆಂಬರಿನಲ್ಲಿ ರಸ್ತೆಯ ಈ ತುದಿ, ಹೈದರಾಬಾದಿನ ಚೆರ್ಲಪಲ್ಲಿ. ಅಲ್ಲಿಯ ಕಾರ್ಖಾನೆ ಹಿಡಿದವರು ಮಹಾರಾಷ್ಟ್ರದ ಮೀರಾ-ಭಾಯಂದರ್ ಪೊಲೀಸರು! ಎರಡು ತುದಿಗೂ ತಯಾರಿಕೆ, ನಡುವೆ ನಮ್ಮ ಚಿರಾಗಪಲ್ಲಿ ಚೆಕ್‌ಪೋಸ್ಟ್. ಅಲ್ಲಿ ಪದೇ ಪದೇ ಸಿಗುವುದು ಒಡಿಶಾ ಕಡೆಯಿಂದ ಮಹಾರಾಷ್ಟ್ರಕ್ಕೆ ಹೋಗುವ ಗಾಂಜಾ. ಗಾಂಜಾ ಮೂಟೆಗೆ ವಾಸನೆ ಇದೆ, ಗಾತ್ರ ಇದೆ. ಹತ್ತು ಗುಳಿಗೆ ಅಂಗಿ ಜೇಬಿನಲ್ಲಿ ಬಸ್ಸು ಹತ್ತಿದರೆ ಯಾವ ಚೆಕ್‌ಪೋಸ್ಟು ಹಿಡಿದೀತು?

ಊರಿನ ಅಮಲಿಗೆ ಕ್ಯಾಮೆರಾ ಇಲ್ಲ

'ಇದೆಲ್ಲ ಶ್ರೀಮಂತರ ಮಕ್ಕಳ ಆಟ, ನಮಗೇನ್ರಿ' ಎನ್ನುವವರು ತಮ್ಮೂರಿನ ಸೇಂದಿ ಅಂಗಡಿಯ ಕಡೆ ಒಮ್ಮೆ ನೋಡಬೇಕು. ಈಚಲು ಮರಗಳು ಕಡಿಮೆಯಾದರೂ ಸೇಂದಿ ಕಡಿಮೆಯಾಗಲಿಲ್ಲ. ಸಾಲದ್ದನ್ನು ನೀರು, ಸ್ಯಾಕ್ರೀನ್ ಮತ್ತು ಅಮಲಿನ ಪುಡಿ ತುಂಬಿತು. ಹಿಂದೆ ಕ್ಲೋರಲ್ ಹೈಡ್ರೇಟ್, ರಾಯಚೂರು ಕಡೆಯವರು 'ಸಿ.ಎಚ್. ಪೌಡರ್' ಎನ್ನುವುದು ಅದನ್ನೇ. ಈಚೆಗೆ ಅಲ್ಪ್ರಜೋಲಂ, ಅಂದರೆ ವೈದ್ಯರು ಚಿಂತೆ-ನಿದ್ದೆಗೆ ಬರೆಯುವ ಮಾತ್ರೆಯ ಮೂಲ ಪುಡಿ. ಸಂಗಾರೆಡ್ಡಿ ಜಿಲ್ಲೆಯಲ್ಲೇ ಕದ್ದು ತಯಾರಿಸುತ್ತಿದ್ದವರನ್ನು ಪೊಲೀಸರು ಹಲವು ಸಲ ಹಿಡಿದಿದ್ದಾರೆ.

2015ರ ಸೆಪ್ಟೆಂಬರಿನಲ್ಲಿ ಕಲಬೆರಕೆ ಸೇಂದಿಯ ಮೇಲೆ ಸರ್ಕಾರ ಬಿಗಿ ಮಾಡಿತು. ನಾರಾಯಣಖೇಡ ಆಗ ಮೆದಕ್ ಜಿಲ್ಲೆ. ನಿಜಾಮಾಬಾದ್, ಮೆದಕ್ ಕಡೆ ನೂರಾರು ಜನ ಕೈಕಾಲು ನಡುಗಿ, ಫಿಟ್ಸ್ ಬಂದು, ಹುಚ್ಚರಂತೆ ಆಡುತ್ತ ಆಸ್ಪತ್ರೆ ಸೇರಿದರು. ಕೂಲಿ ಮಾಡುವ ಗಂಡಸರು, ಹೆಂಗಸರು, ಮುದುಕಿಯರು. ಸೇಂದಿ ಕುಡಿತೀವಿ ಅಂದುಕೊಂಡಿದ್ದವರು ವರ್ಷಗಟ್ಟಲೆ ಮಾತ್ರೆ ತಿನ್ನುತ್ತಿದ್ದರು, ಅವರಿಗೇ ಗೊತ್ತಿರಲಿಲ್ಲ. 2025ರ ಜುಲೈನಲ್ಲಿ ಹೈದರಾಬಾದಿನ ಕೂಕಟಪಲ್ಲಿಯಲ್ಲಿ ಕಲಬೆರಕೆ ಸೇಂದಿ ಕುಡಿದು ಜನ ಸತ್ತರು, ಹತ್ತಾರು ಜನ ಆಸ್ಪತ್ರೆ ಸೇರಿದರು. ಪಬ್ ದಾಳಿಗೆ ಸಿಕ್ಕಷ್ಟು ದಿನ ಟಿವಿ ಅವರಿಗೆ ಸಿಗಲಿಲ್ಲ.

ಎರಡೂ ಅಮಲಿನ ಲಕ್ಷಣ ತದ್ವಿರುದ್ಧ. ಎಕ್ಸ್‌ಟಸಿ ಏರಿಸುತ್ತದೆ, ಅಲ್ಪ್ರಜೋಲಂ ಮಲಗಿಸುತ್ತದೆ. ಎಕ್ಸ್‌ಟಸಿಯಿಂದ ಮೈ ಕಾದು ಒದ್ದಾಡುವವನನ್ನು ಶಾಂತ ಮಾಡಲು ವೈದ್ಯರು ಕೊಡುವ ಇಂಜೆಕ್ಷನ್ ಅಲ್ಪ್ರಜೋಲಂ ಕುಲದ್ದೇ. ಔಷಧ ತೂಕ ಹಾಕಿ ಕೊಡುವವನ ಕೈಯಲ್ಲಿದ್ದರೆ ಔಷಧ, ಸೇಂದಿ ಡ್ರಮ್ಮಿಗೆ ಸುರಿಯುವವನ ಕೈಯಲ್ಲಿದ್ದರೆ...

ಪೊಲೀಸರ ಭಯ, ಆಸ್ಪತ್ರೆಯ ದೂರ

ಪಾರ್ಟಿಯಲ್ಲಿ ಒಬ್ಬ ಕುಸಿದರೆ ಗೆಳೆಯರ ಮೊದಲ ಯೋಚನೆ ಆಸ್ಪತ್ರೆಯದಲ್ಲ, ಕೇಸಿನದು. ರೂಮಿಗೆ ಒಯ್ದು ಮಲಗಿಸುತ್ತಾರೆ, ಫ್ಯಾನು ಹಾಕುತ್ತಾರೆ, ಬೆಳಗಿನ ತನಕ ಕಾಯುತ್ತಾರೆ. ತಾಸು ತಾಸಿಗೂ ಕಾವು ಏರುವ ಕಾಯಿಲೆಗೆ ಇದಕ್ಕಿಂತ ಕೆಟ್ಟ ಉಪಚಾರವಿಲ್ಲ. ಎಕ್ಸ್‌ಟಸಿಗೆ ಪ್ರತಿವಿಷವಿಲ್ಲ. ಮೈ ತಂಪು ಮಾಡುವುದು, ರಕ್ತದ ಉಪ್ಪು ನೋಡಿ ಸಲೈನ್ ಕೊಡುವುದು, ಹೃದಯ ಬಡಿತ ಕಾಯುವುದು ಆಸ್ಪತ್ರೆಯಲ್ಲೇ ಆಗಬೇಕು. ಏನು ನುಂಗಿದ, ಎಷ್ಟು ನುಂಗಿದ, ಎಷ್ಟು ಹೊತ್ತಾಯಿತು ಎಂದು ವೈದ್ಯರಿಗೆ ಸತ್ಯ ಹೇಳಿದರೆ ಅರ್ಧ ಕೆಲಸವಾದಂತೆ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಬಹುದು, ಅದನ್ನು ಮುಚ್ಚಿಡುವಂತಿಲ್ಲ. ಆದರೆ ಕಾನೂನು ಹುಡುಗರು ಅಂದುಕೊಂಡಷ್ಟು ಕುರುಡಲ್ಲ.

ಎಂ.ಡಿ.ಎಂ.ಎ ಅರ್ಧ ಗ್ರಾಂ ತನಕ 'ಸಣ್ಣ ಪ್ರಮಾಣ', ಶಿಕ್ಷೆ ಹೆಚ್ಚೆಂದರೆ ಒಂದು ವರ್ಷ ಜೈಲು, ಇಲ್ಲವೆ 10 ಸಾವಿರ ದಂಡ, ಅಥವಾ ಎರಡೂ. ಸೇವಿಸಿದ್ದು ಮಾತ್ರವಾದರೆ ಆರು ತಿಂಗಳ ತನಕ. 10 ಗ್ರಾಂ ದಾಟಿದರೆ 'ವಾಣಿಜ್ಯ ಪ್ರಮಾಣ', ಹತ್ತರಿಂದ 20 ವರ್ಷ. ಚಟಕ್ಕೆ ಬಿದ್ದವನು ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸಿನಲ್ಲಿ ಸಿಕ್ಕು, ತಾನಾಗಿ ಮಾನ್ಯ ಆಸ್ಪತ್ರೆಗೆ ಸೇರಿ ಚಿಕಿತ್ಸೆ ಪೂರ್ತಿ ಮಾಡಿದರೆ ಕಲಂ 64-ಎ ಅವನನ್ನು ಮೊಕದ್ದಮೆಯಿಂದ ಬಿಡಿಸುತ್ತದೆ. ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ವಕೀಲರಲ್ಲೂ ಇದನ್ನು ಪಾಲಕರಿಗೆ ಬಿಡಿಸಿ ಹೇಳುವವರು ಕಡಿಮೆ.

ಹುಡುಗರಿಗೆ ಗೊತ್ತಿಲ್ಲದ್ದು ಇನ್ನೊಂದು. ಹತ್ತು ಜನರಿಂದ ರೊಕ್ಕ ಕೂಡಿಸಿ ಒಬ್ಬ ತಂದುಕೊಟ್ಟರೆ, ಲಾಭ ಒಂದು ಪೈಸೆ ಇರದಿದ್ದರೂ, ಅವನು ಬರೀ ಸೇವಿಸಿದವನಾಗಿ ಉಳಿಯುವುದಿಲ್ಲ. ದೋಸ್ತಿಗೆ ಹೋಗಿ ಮಾರಾಟಗಾರನಾಗಿ ನಿಲ್ಲುತ್ತಾನೆ. ಊರಿಂದ ಹೋದ, ಇಲ್ಲ ಅನ್ನಲಾರದ ಹುಡುಗನ ತಲೆಗೇ ಈ ಕೆಲಸ ಬೀಳುವುದು ಹೆಚ್ಚು. ಗೊತ್ತಿದ್ದೂ ಜಾಗ ಕೊಟ್ಟವನಿಗೆ ಕಲಂ 25 ಇದೆ. ತಾಂಡೂರು ರಸ್ತೆಯಲ್ಲಿ, ಅನಂತಗಿರಿ ಗುಡ್ಡದ ಸುತ್ತ ಶನಿವಾರ-ಭಾನುವಾರಕ್ಕೆ ಹೊಲದ ಮನೆ ಬಾಡಿಗೆ ಕೊಡುವವರು ಇದನ್ನು ಓದಿಟ್ಟುಕೊಂಡರೆ ಒಳ್ಳೆಯದು.

ತೆಲಂಗಾಣದ ಮಾದಕ ದ್ರವ್ಯ ನಿಗ್ರಹ ದಳಕ್ಕೆ 2025ರ ಜೂನ್‌ನಿಂದ 'ಈಗಲ್' ಎಂಬ ಹೆಸರು, ದೂರಿಗೆ 1908. ಆಂಬುಲೆನ್ಸಿಗೆ 108. ಚಟ ಬಿಡಿಸುವ ಸಲಹೆಗೆ ಕೇಂದ್ರದ 14446. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416, ಇದರಲ್ಲಿ ಭಾಷೆ ಆಯ್ದುಕೊಳ್ಳಬಹುದು, ಕನ್ನಡವೂ ಇದೆ. ಎರ್ರಗಡ್ಡದ ಮಾನಸಿಕ ಆಸ್ಪತ್ರೆಗೆ ಹೋಗಲು ಹಿಂಜರಿಯುವವರಿಗೆ ಬೀದರಿನ ಬ್ರಿಮ್ಸ್, ಕಲಬುರಗಿಯ ಜಿಮ್ಸ್ ಇವೆ. ಜಹೀರಾಬಾದಿನಿಂದ ಹೈದರಾಬಾದ್ ನೂರು ಕಿ.ಮೀ., ಬೀದರ್ ಮೂವತ್ತರ ಆಚೀಚೆ. ಊರ ಸೇಂದಿ ಬಿಡಿಸಬೇಕೆನ್ನುವ ಮನೆಯವರೂ ಒಮ್ಮೆಲೇ ನಿಲ್ಲಿಸದೆ ಮೊದಲು ಅಲ್ಲಿಗೇ ಹೋಗಬೇಕು. ವರ್ಷಗಟ್ಟಲೆ ಕುಡಿದವರಿಗೆ ಒಂದೇ ದಿನ ಬಂದ್ ಮಾಡಿದರೆ ಫಿಟ್ಸ್ ಬರುವುದು 2015ರಲ್ಲೇ ಕಂಡ ಮಾತು.